ರಾಜರು ಬದಲಾದರು, ವರಾಹದ ಮೇಲಿನ ಶಿವ ಪಾರ್ವತಿ ಬದಲಾಗಲಿಲ್ಲ

ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದ. ಈಗಿನ ಹೊಸನಗರ ತಾಲ್ಲೂಕಿನ ನಗರ ಅಂದ್ರೆ ಅದೇ ಊರು. ಆಮೇಲೆ ಅವನು ಹೊಡೆಸಿದ ವರಾಹ ಅನ್ನೋ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ಏನಿದೆ ಗೊತ್ತಾ? ಶಿವ ಮತ್ತು ಪಾರ್ವತಿ. ಇನ್ನೊಂದು ಬದಿಯಲ್ಲಿ ಚುಕ್ಕೆ ಚುಕ್ಕೆಯ ಹಾಸಿನ ನಡುವೆ ಪರ್ಷಿಯನ್ ಲಿಪಿಯ ಒಂದೇ ಒಂದು ಅಕ್ಷರ, ಹೈದರ್ ಹೆಸರಿನ ಮೊದಲಕ್ಷರ. ಬೇರೆ ಬಿರುದಿಲ್ಲ, ಬರಹವಿಲ್ಲ.

ಈ ಚಿತ್ರ ಹೈದರನಿಗೆ ಹೊಸದಾಗಿ ಹೊಳೆದದ್ದಲ್ಲ. ವಿಜಯನಗರದ ಎರಡನೇ ಹರಿಹರನ ಕಾಲದ ವರಾಹಗಳಲ್ಲೇ ಉಮಾಮಹೇಶ್ವರರು ಕೂತಿದ್ದಾರೆ. ಅಲ್ಲಿಂದ ಇಕ್ಕೇರಿ ನಾಯಕರ ವರಾಹಕ್ಕೆ ಬಂದರು, ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ' ಅಂತ ಬರೆಸಿಕೊಂಡು. ಬಿದನೂರು ಈ ನಾಯಕರ ರಾಜಧಾನಿಯೇ ಆಗಿತ್ತು, ಹಾಗಾಗಿ ಇಕ್ಕೇರಿಯಿಂದ ಹೈದರನಿಗೆ. 1799ರಲ್ಲಿ ಟಿಪ್ಪು ಸತ್ತು ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದ ಮೇಲೆ ಮುಂಬದಿಯಲ್ಲಿ ಮತ್ತೆ ಅದೇ ಶಿವ ಪಾರ್ವತಿ, ಹಿಂದೆ ಮಾತ್ರ 'ಶ್ರೀ ಕೃಷ್ಣರಾಜ'. ನಾಲ್ಕು ಆಳ್ವಿಕೆ, ನಾಲ್ಕು ನೂರು ವರ್ಷ, ಒಂದೇ ಚಿತ್ರ. ತೂಕವೂ ಹೆಚ್ಚುಕಮ್ಮಿ ಒಂದೇ, ಸುಮಾರು 3.4 ಗ್ರಾಂ.

ನನ್ನ ಪ್ರಕಾರ ಇದರಲ್ಲಿ ಭಕ್ತಿಗಿಂತ ಜಾಸ್ತಿ ವ್ಯಾಪಾರವಿದೆ. ಮಲೆನಾಡಿನ ಮೆಣಸು, ಅಡಿಕೆ, ಕರಾವಳಿಯ ಅಕ್ಕಿ, ಎಲ್ಲದರ ಲೆಕ್ಕ ನಡೀತಿದ್ದದ್ದು ವರಾಹದಲ್ಲಿ. ಅಕ್ಷರ ಬಾರದ ರೈತನೂ ಆ ಚಿತ್ರವನ್ನು ಗುರುತಿಸುತ್ತಿದ್ದ. ಅದನ್ನು ಅಳಿಸಿ ಹೊಸ ಮುದ್ರೆ ಹಾಕಿದರೆ ಸಂತೆಯಲ್ಲಿ ಯಾರೂ ಸುಮ್ನೆ ತೊಗೊಳ್ಳಲ್ಲ, ಮೊದಲು ಸರಾಫನ ಹತ್ತಿರ ಹೋಗುತ್ತಾರೆ, ಅವನು ಒರೆಗೆ ಹಚ್ಚುತ್ತಾನೆ, ಅನುಮಾನ ಬಂದರೆ ಬೆಲೆ ಇಳಿಸುತ್ತಾನೆ. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೂಡ ವೆಂಕಟೇಶ್ವರ ಮತ್ತು ಇಬ್ಬರು ದೇವಿಯರ ಚಿತ್ರವಿರುವ ವರಾಹಗಳನ್ನೇ ಹೊಡೆಸಿತ್ತು.

ಒರೆಗಲ್ಲಿನ ಪರೀಕ್ಷೆ ಈಗಲೂ ಚಂದವೇ. ಗಡಸು ಕಪ್ಪು ಕಲ್ಲಿನ ಮೇಲೆ ನಾಣ್ಯವನ್ನು ಉಜ್ಜಿದರೆ ಒಂದು ಗೆರೆ ಬೀಳುತ್ತದೆ. ಪಕ್ಕದಲ್ಲಿ ಶುದ್ಧತೆ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು ಬಣ್ಣ ಹೋಲಿಸುವುದು. ತಾಮ್ರ ಜಾಸ್ತಿ ಇದ್ದರೆ ಗೆರೆ ಕೆಂಪಾಗುತ್ತದೆ, ಬೆಳ್ಳಿ ಇದ್ದರೆ ಬಿಳಿಚಿಕೊಳ್ಳುತ್ತದೆ. ಆದರೆ ನಾಣ್ಯ ಸವೆಯುತ್ತದೆ ಅಲ್ವಾ? ಸಂಗ್ರಹಕಾರರಿಗೆ ಅದು ಬೇಡ.

ಅವರಿಗೆ ನೀರೇ ಸಾಕು. ಚಿನ್ನದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ, ತಾಮ್ರದ್ದು 8.96. 3.4 ಗ್ರಾಂನ ನಾಣ್ಯವನ್ನು ತೆಳ್ಳಗಿನ ದಾರದಲ್ಲಿ ಕಟ್ಟಿ, ನೀರಿನಲ್ಲಿ ಮುಳುಗಿಸಿ ತೂಗಿ. ಅಪ್ಪಟ ಚಿನ್ನವಾದರೆ ತೂಕ ಸುಮಾರು 0.18 ಗ್ರಾಂ ಕಮ್ಮಿ ತೋರುತ್ತದೆ. ಚಿನ್ನದ ನೀರು ಕುಡಿಸಿದ ತಾಮ್ರವಾದರೆ 0.38 ಗ್ರಾಂ. ನಿಜವಾದ ವರಾಹದಲ್ಲಿ ಬೇರೆ ಲೋಹ ಸ್ವಲ್ಪ ಬೆರೆತಿರುತ್ತದೆ, ಹಾಗಾಗಿ ಅಂಕಿ 0.18ಕ್ಕಿಂತ ತುಸು ಮೇಲಿರುತ್ತದೆ. ಆದರೂ 0.38ರ ಹತ್ತಿರ ಹೋಗಲ್ಲ. ಗ್ರಾಮಿನ ನೂರರಲ್ಲೊಂದು ಭಾಗ ತೋರಿಸುವ ತಕ್ಕಡಿ ಇದ್ದರೆ ಮನೆಯಲ್ಲೇ ಮಾಡಬಹುದು.

ನಕಲಿಯನ್ನೂ ಚಿನ್ನದಲ್ಲೇ ಮಾಡಿದ್ದರೆ? ಆಗ ಭೂತಗನ್ನಡಿ ಬೇಕು. ಹಳೆ ಟಂಕಸಾಲೆಯಲ್ಲಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಆ ಏಟಿಗೆ ಲೋಹ ಹರಿದು ಅಚ್ಚಿನ ಗುಂಡಿಗಳಿಗೆ ನುಗ್ಗುತ್ತದೆ, ಅಂಚುಗಳು ಚೂಪಾಗಿ ಬರುತ್ತವೆ. ಕರಗಿಸಿ ಎರಕ ಹೊಯ್ದ ನಕಲಿಯಲ್ಲಿ ಗಾಳಿಗುಳ್ಳೆಯ ಸಣ್ಣ ಸಣ್ಣ ತೂತುಗಳು ಸಿಗುತ್ತವೆ, ಶಿವನ ಕೈಯ ತ್ರಿಶೂಲ ಮೊಂಡಾಗಿರುತ್ತದೆ. ಇನ್ನೊಂದು ಗುರುತು ನನಗೆ ಬಹಳ ಇಷ್ಟ. ವರಾಹದ ಬಿಲ್ಲೆ ಅಂಗಿಯ ಗುಂಡಿಯಷ್ಟೇ ಅಗಲ, ಅಚ್ಚು ಎಷ್ಟೋ ಸಲ ಅದಕ್ಕಿಂತ ದೊಡ್ಡದು. ಹಾಗಾಗಿ ಒಂದು ನಾಣ್ಯದಲ್ಲಿ ಪಾರ್ವತಿಯ ಮಗ್ಗುಲು ಕತ್ತರಿಸಿ ಹೋಗಿರುತ್ತದೆ, ಇನ್ನೊಂದರಲ್ಲಿ ಅಕ್ಷರದ ಬಾಲ. ಮಾರುವವನ ಹತ್ತಿರ ಇರುವ ಹತ್ತು ನಾಣ್ಯಗಳಲ್ಲೂ ಚಿತ್ರ ಒಂದೇ ಕಡೆ ಕತ್ತರಿಸಿದ್ದರೆ ದಯವಿಟ್ಟು ಎದ್ದು ಬನ್ನಿ.

ಈ ನಾಣ್ಯಗಳನ್ನು ಕೂಡಿಟ್ಟವರಲ್ಲಿ ವಾಲ್ಟರ್ ಎಲಿಯಟ್ ಕಥೆ ಹೇಳಲೇಬೇಕು. 1824ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸೇನೆ ಸೆರೆಹಿಡಿದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಅವನೊಬ್ಬ. ಮುಂದೆ ಅದೇ ಮನುಷ್ಯ ಧಾರವಾಡ ಸೀಮೆಯ ಶಾಸನಗಳನ್ನು ನಕಲು ಮಾಡಿಸಿದ, ನಾಣ್ಯ ಸೇರಿಸಿದ, ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋದ ಮುಪ್ಪಿನಲ್ಲಿ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಬರೆದು ಮುಗಿಸಿದ.

ಶುರು ಮಾಡುವವರಿಗೆ ಚಿನ್ನ ಬೇಕಿಲ್ಲ. ಮುಮ್ಮಡಿಯವರ ತಾಮ್ರದ ಕಾಸು ಹಿಡಿಯಿರಿ. ಮುಂದೆ ಆನೆ, ಮೇಲೆ ಸೂರ್ಯ ಚಂದ್ರ, ಹಿಂದೆ ನಮ್ಮದೇ ಲಿಪಿಯಲ್ಲಿ 'ಮಯಿಲಿ ಕಾಸು'. ಕನ್ನಡ ಓದಲು ಬಂದರೆ ಈ ನಾಣ್ಯವೂ ಓದಲು ಬರುತ್ತದೆ. ಆದರೆ ಕೈಮುಗಿದು ಕೇಳುತ್ತೇನೆ, ಹುಣಸೆಹಣ್ಣು ಹಚ್ಚಿ ಮಾತ್ರ ತೊಳೆಯಬೇಡಿ. ಅದರ ಹುಳಿ ಕರಗಿಸುವುದು ಬರೀ ಕೊಳೆಯನ್ನಲ್ಲ, ತಾಮ್ರದ ಮೇಲೆ ನೂರಾರು ವರ್ಷಗಳಲ್ಲಿ ಕಟ್ಟಿದ ಪದರವನ್ನು. ಆ ಪದರವೇ ಒಳಗಿನ ಲೋಹವನ್ನು ಕಾಯುತ್ತಿರುವುದು. ಪಿವಿಸಿ ಆಲ್ಬಂ ಕೂಡ ಬೇಡ. ವರ್ಷ ಕಳೆದ ಹಾಗೆ ಆ ಪ್ಲಾಸ್ಟಿಕ್ಕಿನಿಂದ ಆಮ್ಲ ಹೊರಬಂದು ತಾಮ್ರದ ಮೇಲೆ ಹಸಿರು ಜಿಗುಟು ಕೂರುತ್ತದೆ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯದ ಮಡಕೆ ಸಿಕ್ಕರೆ ಹಂಚಿಕೊಳ್ಳುವ ಹಾಗಿಲ್ಲ, ಕಾನೂನಿನ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಕಾನೂನು ಒಂದು ಕಡೆ ಇರಲಿ. ಒಂದೇ ಮಡಕೆಯಲ್ಲಿ ಇಕ್ಕೇರಿಯ ವರಾಹವೂ ಹೈದರನ ವರಾಹವೂ ಸಿಕ್ಕಿದರೆ, ಆ ಊರಿನ ಜನ ಎರಡನ್ನೂ ಒಟ್ಟಿಗೇ ಕೂಡಿಟ್ಟಿದ್ದರು ಎಂದು ಗೊತ್ತಾಗುತ್ತದೆ. ಮಡಕೆ ಒಡೆದು ಒಂದೊಂದೇ ನಾಣ್ಯ ಒಂದೊಂದು ಅಂಗಡಿ ಸೇರಿದ ಮೇಲೆ, ಯಾವ ಭೂತಗನ್ನಡಿ ಹಿಡಿದರೂ ಅದು ತಿಳಿಯುವುದಿಲ್ಲ.