ವಿಕಾಸವಾದದ ಪಾಠಕ್ಕೆ ನೂರು ವರ್ಷದ ತಕರಾರು

1925ರ ಬೇಸಿಗೆಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ ಜಾನ್ ಸ್ಕೋಪ್ಸ್ ಎಂಬ 24 ವರ್ಷದ ಶಿಕ್ಷಕನ ಮೇಲೆ ಕೇಸು ಬಿತ್ತು. ಮನುಷ್ಯನೂ ಪ್ರಾಣಿಗಳಿಂದಲೇ ವಿಕಾಸಗೊಂಡವನು ಎಂದು ಮಕ್ಕಳಿಗೆ ಪಾಠ ಹೇಳಿದ್ದು ಅವನ ಮೇಲಿದ್ದ ಆರೋಪ. ಬೈಬಲ್ಲಿನ ಸೃಷ್ಟಿಕಥೆಯನ್ನು ಅಲ್ಲಗಳೆದು ಮನುಷ್ಯನ ಹುಟ್ಟನ್ನು ವಿವರಿಸುವ ಸಿದ್ಧಾಂತವನ್ನು ಸರ್ಕಾರಿ ಶಾಲೆಗಳಲ್ಲಿ ಕಲಿಸಬಾರದೆಂಬ ಬಟ್ಲರ್ ಕಾಯ್ದೆ ಆ ವರ್ಷದ ಮಾರ್ಚ್‌ನಲ್ಲಷ್ಟೇ ಜಾರಿಗೆ ಬಂದಿತ್ತು. ಕಾಯ್ದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಮುಂದೆ ಬರುವ ಶಿಕ್ಷಕರ ಬೆನ್ನಿಗೆ ನಿಲ್ಲುವುದಾಗಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಪತ್ರಿಕೆಗಳಲ್ಲಿ ಪ್ರಕಟಿಸಿತ್ತು. ಈ ನೆಪದಲ್ಲಿ ಊರಿಗೆ ಹೆಸರು ಬರಲಿ ಎಂದು ಡೇಟನ್‌ನ ಕೆಲವು ಪ್ರಮುಖರು ಔಷಧಿ ಅಂಗಡಿಯೊಂದರಲ್ಲಿ ಕೂತು ಮಾತಾಡಿ ಸ್ಕೋಪ್ಸ್‌ನನ್ನು ಒಪ್ಪಿಸಿದರು.

ಆ ಅಂಗಡಿಯ ಮಾಲೀಕನೇ ಅಲ್ಲಿನ ಶಾಲಾ ಮಂಡಳಿಯ ಅಧ್ಯಕ್ಷ. ಅಂಗಡಿಯಲ್ಲಿ ಶಾಲೆಯ ಪುಸ್ತಕಗಳೂ ಮಾರಾಟಕ್ಕಿದ್ದವು. ಸ್ಕೋಪ್ಸ್ ಪಾಠ ಮಾಡಿದನೆನ್ನಲಾದ ‘ಸಿವಿಕ್ ಬಯಾಲಜಿ’ಯೂ ಅವುಗಳಲ್ಲೊಂದು. ಅದು ಟೆನೆಸಿ ರಾಜ್ಯವೇ ಗೊತ್ತುಮಾಡಿದ ಪಠ್ಯ. ಪುಸ್ತಕ ಗೊತ್ತುಮಾಡಿದ ಸರ್ಕಾರವೇ ಅದರೊಳಗಿನ ಪಾಠ ಹೇಳಿದವನನ್ನು ಕಟಕಟೆಗೆ ತಂದು ನಿಲ್ಲಿಸಿತ್ತು.

ಜುಲೈ 10ರಿಂದ 21ರವರೆಗೆ ನಡೆದ ಈ ವಿಚಾರಣೆಯನ್ನು ಷಿಕಾಗೊದ ರೇಡಿಯೊ ಕೇಂದ್ರವೊಂದು ನೇರವಾಗಿ ಬಿತ್ತರಿಸಿತು. ಸರ್ಕಾರದ ಪರ ನಿಂತವನು ಮೂರು ಬಾರಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಸ್ಕೋಪ್ಸ್ ಪರ, ದೇಶದಲ್ಲೇ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೊ. ಜುಲೈ 20ರಂದು ನ್ಯಾಯಾಧೀಶರು ಕಲಾಪವನ್ನು ಕೋರ್ಟಿನ ಹೊರಗಿನ ಹುಲ್ಲುಹಾಸಿಗೆ ವರ್ಗಾಯಿಸಿದರು. ಅಲ್ಲಿ ಡ್ಯಾರೊ ಎದುರಾಳಿ ವಕೀಲನನ್ನೇ ಸಾಕ್ಷಿಯಾಗಿ ಕೂರಿಸಿಕೊಂಡು ಬೈಬಲ್ಲಿನ ಕಥೆಗಳ ಬಗ್ಗೆ ಪ್ರಶ್ನೆ ಹಾಕುತ್ತ ಹೋದ: ಯೋನನನ್ನು ನಿಜವಾಗಿ ಮೀನು ನುಂಗಿತ್ತೇ? ಯೆಹೋಶುವನ ಮಾತಿಗೆ ಸೂರ್ಯ ನಿಂತನೇ? ಸೃಷ್ಟಿಯ ಆರು ದಿನಗಳೆಂದರೆ 24 ಗಂಟೆಗಳ ದಿನಗಳೇ? ಕೊನೆಯ ಪ್ರಶ್ನೆಗೆ ಬ್ರಯನ್, ಹಾಗೇನೂ ಆಗಿರಬೇಕಿಲ್ಲ ಎಂದು ಒಪ್ಪಿಕೊಂಡ. ಮರುದಿನ ಜ್ಯೂರಿ ಒಂಬತ್ತೇ ನಿಮಿಷದಲ್ಲಿ ಸ್ಕೋಪ್ಸ್ ತಪ್ಪಿತಸ್ಥ ಎಂದಿತು. ದಂಡ 100 ಡಾಲರ್. 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ತಾಂತ್ರಿಕ ಕಾರಣಕ್ಕೆ ರದ್ದು ಮಾಡಿತು. ಕಾಯ್ದೆ ಮಾತ್ರ 1967ರವರೆಗೂ ಉಳಿಯಿತು.

ಈ ಕಥೆಯನ್ನು ವಿಜ್ಞಾನಕ್ಕೂ ಧರ್ಮಕ್ಕೂ ನಡೆದ ಕುಸ್ತಿಯೆಂದು ಹೇಳುವುದು ವಾಡಿಕೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಉಳಿದರ್ಧ ತಿಳಿಯಬೇಕಾದರೆ ಆ ಪಾಠಪುಸ್ತಕವನ್ನೇ ಬಿಡಿಸಿ ನೋಡಬೇಕು. ಅದಕ್ಕೂ ಮೊದಲು, ಡಾರ್ವಿನ್ ಏನು ಹೇಳಿದ್ದ ಎಂಬುದು.

ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಲೋಕ ಸುತ್ತಿ ಬಂದ ಚಾರ್ಲ್ಸ್ ಡಾರ್ವಿನ್ ತನ್ನ ವಿಚಾರವನ್ನು ಇಪ್ಪತ್ತು ವರ್ಷ ಹೊರಗೆ ಬಿಡಲಿಲ್ಲ. 1858ರಲ್ಲಿ ಇಂಡೊನೇಷ್ಯಾದ ದ್ವೀಪಗಳಲ್ಲಿದ್ದ ಆಲ್ಫ್ರೆಡ್ ರಸೆಲ್ ವಾಲೆಸ್ ಅದೇ ವಿಚಾರವನ್ನು ಬರೆದು ಕಳಿಸಿದಾಗ ಇನ್ನು ಸುಮ್ಮನಿರುವಂತಿರಲಿಲ್ಲ. ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಓದಲಾಯಿತು. ಇಬ್ಬರೂ ಅಲ್ಲಿರಲಿಲ್ಲ. ವಾಲೆಸ್ ಸಾವಿರಾರು ಮೈಲಿ ದೂರದಲ್ಲಿದ್ದ. ಡಾರ್ವಿನ್‌ನ ಎಳೆಯ ಮಗು ಜ್ವರದಿಂದ ತೀರಿಕೊಂಡು ಮೂರು ದಿನವಾಗಿತ್ತು. 1859ರ ನವೆಂಬರ್ 24ರಂದು ಡಾರ್ವಿನ್‌ನ ಪುಸ್ತಕ ಹೊರಬಂತು.

ಅದರ ಹೂರಣ ಸರಳ. ಒಂದೇ ತಂದೆತಾಯಿಯ ಮಕ್ಕಳೂ ಒಂದೇ ತೆರನಾಗಿರುವುದಿಲ್ಲ. ಹುಟ್ಟುವ ಜೀವಿಗಳೆಲ್ಲ ಬದುಕಿ ಉಳಿಯುವುದಿಲ್ಲ. ಇರುವ ಪರಿಸರಕ್ಕೆ ಹೆಚ್ಚು ಹೊಂದುವ ಗುಣ ಪಡೆದವು ಹೆಚ್ಚು ಮರಿ ಹಾಕುತ್ತವೆ, ಆ ಗುಣ ಮುಂದಿನ ಪೀಳಿಗೆಗೆ ಹೋಗುತ್ತದೆ. ಹೀಗೆ ಲಕ್ಷಾಂತರ ವರ್ಷ ನಡೆದರೆ ಒಂದು ಪ್ರಭೇದ ಕವಲೊಡೆದು ಹಲವಾಗುತ್ತದೆ. ನಮ್ಮಲ್ಲಿ ‘ಮಂಗನಿಂದ ಮಾನವ’ ಎಂದು ರೂಢಿಯಾಗಿದೆ. ಡಾರ್ವಿನ್ ಹೇಳಿದ್ದು ಹಾಗಲ್ಲ. ಇಂದಿನ ಮಂಗಗಳಿಗೂ ನಮಗೂ ಹಿಂದೊಮ್ಮೆ ಒಂದೇ ಪೂರ್ವಜರಿದ್ದರು, ಅವೂ ನಾವೂ ಒಂದೇ ಮರದ ಬೇರೆ ಬೇರೆ ಕೊಂಬೆಗಳು. ಮರಕ್ಕೆ ಇಂಥ ಕಡೆಗೇ ಬೆಳೆಯಬೇಕೆಂಬ ಗುರಿಯಿಲ್ಲ, ತುದಿಯಲ್ಲಿ ಯಾರನ್ನೋ ಕೂರಿಸುವ ಉದ್ದೇಶವೂ ಇಲ್ಲ. ಜನಕ್ಕೆ ಇಂದಿಗೂ ಒಗ್ಗದಿರುವುದು ಈ ಮಾತೇ.

ಚರ್ಚಿನವರೆಲ್ಲ ಒಂದೇ ದನಿಯಲ್ಲಿ ವಿರೋಧಿಸಿದರು ಎಂಬುದು ನಿಜವಲ್ಲ. 1860ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಮತ್ತು ಡಾರ್ವಿನ್ ಪರ ನಿಂತ ವಿಜ್ಞಾನಿ ಥಾಮಸ್ ಹಕ್ಸ್ಲಿ ಜಟಾಪಟಿ ಮಾಡಿದ್ದು ನಿಜ. ಆದರೆ ಅಮೆರಿಕದಲ್ಲಿ ಡಾರ್ವಿನ್ ಪರ ಮೊದಲು ವಾದಿಸಿದ ಸಸ್ಯವಿಜ್ಞಾನಿ ಏಸಾ ಗ್ರೇ ಶ್ರದ್ಧಾವಂತ ಕ್ರೈಸ್ತ. 1882ರಲ್ಲಿ ಡಾರ್ವಿನ್ ತೀರಿಕೊಂಡಾಗ ಸಮಾಧಿಯಾದದ್ದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. ಸಿದ್ಧಾಂತಕ್ಕೆ ಆಗ ನಿಜವಾದ ಕಂಟಕ ವಿಜ್ಞಾನದೊಳಗಿನಿಂದಲೇ ಬಂದಿತ್ತು. ತಂದೆತಾಯಿಯ ಗುಣಗಳು ಬಣ್ಣಗಳಂತೆ ಬೆರೆತುಹೋಗುವುದಾದರೆ ಹೊಸ ಗುಣ ಉಳಿಯುವುದಾದರೂ ಹೇಗೆ? ಡಾರ್ವಿನ್ ಬಳಿ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಗ್ರೆಗೊರ್ ಮೆಂಡೆಲ್ ಎಂಬ ಸನ್ಯಾಸಿ ಮಠದ ತೋಟದಲ್ಲಿ ಬಟಾಣಿ ಬೆಳೆದು ಕಂಡುಕೊಂಡ ಉತ್ತರ 1866ರಲ್ಲೇ ಅಚ್ಚಾಗಿದ್ದರೂ ಲೋಕ ಅದನ್ನು ಗಮನಿಸಿದ್ದು 1900ರಲ್ಲಿ. ಮುಂದೆ ಫಿಶರ್, ಹಾಲ್ಡೇನ್, ರೈಟ್, ಡೊಬ್ಜಾನ್‌ಸ್ಕಿ ಮೊದಲಾದವರು ಎರಡನ್ನೂ ಹೆಣೆದು ಇಂದಿನ ವಿಕಾಸ ವಿಜ್ಞಾನವನ್ನು ಕಟ್ಟಿದರು.

ಈಗ ‘ಸಿವಿಕ್ ಬಯಾಲಜಿ’ಗೆ ಬರೋಣ. 1914ರ ಈ ಪುಸ್ತಕದಲ್ಲಿ ಪ್ರಾಣಿವರ್ಗಗಳನ್ನು ವೃತ್ತಗಳಾಗಿ ತೋರಿಸುವ ಚಿತ್ರವೊಂದಿತ್ತು. ಸ್ತನಿಗಳ ವೃತ್ತದಲ್ಲಿ 3,500 ಪ್ರಭೇದಗಳು. ಮನುಷ್ಯನಿಗೆ ಬೇರೆ ವೃತ್ತವಿಲ್ಲ, ಅವನೂ ಅದರೊಳಗೇ. ಬ್ರಯನ್ ಕೋರ್ಟಿನಲ್ಲಿ ಸಿಡಿದೆದ್ದದ್ದು ಈ ಚಿತ್ರ ಹಿಡಿದುಕೊಂಡೇ. ಅದೇ ಪುಸ್ತಕದ ಬೇರೆ ಪುಟಗಳಲ್ಲಿ ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ, ಯುರೋಪ್ ಮತ್ತು ಅಮೆರಿಕದ ಬಿಳಿಯರೇ ಎಲ್ಲರಿಗಿಂತ ಮೇಲು ಎಂದು ಬರೆದಿತ್ತು. ಬುದ್ಧಿಮಾಂದ್ಯರು, ಅಪರಾಧಿಗಳು ಇರುವ ಕುಟುಂಬಗಳು ಸಮಾಜದ ಪರೋಪಜೀವಿಗಳು, ಅಂಥವರು ಮಕ್ಕಳನ್ನು ಹೆರದಂತೆ ಗಂಡುಹೆಣ್ಣನ್ನು ಬೇರ್ಪಡಿಸಿ ಇಡಬೇಕು ಎಂದೂ ಇತ್ತು. ಡಾರ್ವಿನ್‌ನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಹೆಸರಿಟ್ಟ ಸುಜನನ ಶಾಸ್ತ್ರದ ಪಾಠ ಅದು. ವಿಚಾರಣೆಯಲ್ಲಿ ಆ ಪುಟಗಳು ಚರ್ಚೆಯ ವಿಷಯವೇ ಆಗಲಿಲ್ಲ. ಮನುಷ್ಯನನ್ನು ಪ್ರಾಣಿಗಳ ಸಾಲಿನಲ್ಲಿ ಕೂರಿಸಿದ್ದಕ್ಕೆ ಕೋರ್ಟು ತುಂಬಿತು. ಮನುಷ್ಯರಲ್ಲೇ ಮೇಲುಕೀಳು ಮಾಡಿದ್ದು ಯಾರಿಗೂ ತಕರಾರೆನಿಸಲಿಲ್ಲ.

ಬ್ರಯನ್‌ನನ್ನು ಮೂಢನೆಂದು ತಳ್ಳಿಹಾಕುವುದು ಅನ್ಯಾಯ. ಹೆಂಗಸರ ಮತದಾನದ ಹಕ್ಕಿಗೆ, ರೈತರು, ಕಾರ್ಮಿಕರ ಪರವಾಗಿ ದುಡಿದವನು ಅವನು. ಅಮೆರಿಕ ಯುದ್ಧದ ಕಡೆ ವಾಲುತ್ತಿದೆಯೆಂದು 1915ರಲ್ಲಿ ವಿದೇಶಾಂಗ ಮಂತ್ರಿಗಿರಿಯನ್ನೇ ಬಿಟ್ಟಿದ್ದ. ಬಲಿಷ್ಠರು ದುರ್ಬಲರನ್ನು ತುಳಿಯುವುದೇ ಪ್ರಕೃತಿನಿಯಮ ಎಂದು ಡಾರ್ವಿನ್ ಹೆಸರಲ್ಲಿ ಸಾರುವವರನ್ನು ಕಂಡು ಹೆದರಿದ್ದ. ಆ ಹೆದರಿಕೆಗೆ ಆಧಾರವಿತ್ತು. ಡೇಟನ್ ವಿಚಾರಣೆಯಾದ ಎರಡೇ ವರ್ಷಕ್ಕೆ, ವರ್ಜೀನಿಯಾದ ಕ್ಯಾರಿ ಬಕ್ ಎಂಬ ಬಡ ಹೆಣ್ಣಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ದೇಶದಲ್ಲಿ ಇಂಥ ಕಾನೂನುಗಳಿಗೆ ಗುರಿಯಾದವರು 60,000ಕ್ಕೂ ಹೆಚ್ಚು. ಬ್ರಯನ್ ತಪ್ಪಿದ್ದು ಮದ್ದಿನಲ್ಲಿ. ಪಾಠವನ್ನು ತೆಗೆಸಲು ಹೊರಟನೇ ಹೊರತು, ಪಾಠದೊಳಗಿನ ಸುಳ್ಳನ್ನು ಬಯಲಿಗೆಳೆಯಲಿಲ್ಲ. ಜನಾಂಗಗಳಲ್ಲಿ ಮೇಲುಕೀಳೆಂಬ ಕಟ್ಟುಕಥೆಯನ್ನು ಮುಂದೆ ಬುಡಮೇಲು ಮಾಡಿದ್ದು ವಿಕಾಸ ವಿಜ್ಞಾನವೇ. ಮನುಷ್ಯರೆಲ್ಲ ಆಫ್ರಿಕಾದ ಒಂದೇ ಮೂಲದವರು, ನಮ್ಮ ನಡುವಿನ ಜೈವಿಕ ವ್ಯತ್ಯಾಸ ಅತ್ಯಲ್ಪ ಎಂದು ತೋರಿಸಿಕೊಟ್ಟದ್ದು ಅದು.

ಡೇಟನ್ ನಂತರ ಅಮೆರಿಕದ ಪ್ರಕಾಶಕರು ಗಲಾಟೆಯೇ ಬೇಡವೆಂದು ವಿಕಾಸದ ಮಾತನ್ನು ಪಠ್ಯಗಳಲ್ಲಿ ಕುಗ್ಗಿಸಿದರು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ, ವಿಜ್ಞಾನದಲ್ಲಿ ಹಿಂದೆ ಬಿದ್ದೆವೆಂಬ ದಿಗಿಲಿನಲ್ಲಿ ಅದು ಪುಸ್ತಕಗಳಿಗೆ ಮರಳಿತು. 1968ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಕಾಯ್ದೆಗಳು ಸಂವಿಧಾನ ವಿರೋಧಿ ಎಂದಿತು. ಆಮೇಲೆ ‘ಸೃಷ್ಟಿ ವಿಜ್ಞಾನ’ಕ್ಕೂ ಸಮಪಾಲು ಕೊಡಿ ಎಂಬ ಬೇಡಿಕೆ ಎದ್ದಿತು. 1987ರಲ್ಲಿ ಅದೂ ಬಿದ್ದುಹೋಯಿತು. ಕೊನೆಗೆ, ಜೀವಿಗಳನ್ನು ಯಾವುದೋ ಬುದ್ಧಿಶಕ್ತಿಯೇ ರೂಪಿಸಿರಬೇಕು ಎನ್ನುವ ‘ಬುದ್ಧಿವಂತ ವಿನ್ಯಾಸ’ ಎಂಬ ಹೊಸ ಹೆಸರಿನಲ್ಲಿ ಹಳೆಯದೇ ವಾದ ಬಂತು.

ಈ ವಾದ ಕೋರ್ಟಿಗೆ ಬಂದದ್ದು 2005ರಲ್ಲಿ, ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿಯ ವಿರುದ್ಧದ ಮೊಕದ್ದಮೆಯಲ್ಲಿ. ಅಲ್ಲಿ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಮುಂದಿಟ್ಟ ಒಂದು ಪುರಾವೆ ಇಲ್ಲಿ ಹೇಳಲೇಬೇಕಾದದ್ದು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ ವರ್ಣತಂತುಗಳು; ಮನುಷ್ಯನಿಗೆ 23. ಪೂರ್ವಜರು ಒಂದೇ ಆಗಿದ್ದರೆ ನಮ್ಮದೊಂದು ಜೊತೆ ಎಲ್ಲಿ ಹೋಯಿತು? ಎರಡು ವರ್ಣತಂತುಗಳು ಬೆಸೆದು ಒಂದಾಗಿರಬೇಕು. ಆಗಿದ್ದರೆ ಗುರುತು ಉಳಿದಿರಬೇಕು. ಪ್ರತಿ ವರ್ಣತಂತುವಿನ ಎರಡು ತುದಿಗಳಲ್ಲಿ ಟೆಲೊಮಿಯರ್ ಎಂಬ, ಒಂದೇ ಅಕ್ಷರಸಾಲು ಮತ್ತೆ ಮತ್ತೆ ಬರುವ ಡಿಎನ್‌ಎ ಭಾಗವಿರುತ್ತದೆ. ಮನುಷ್ಯನ ಎರಡನೆಯ ವರ್ಣತಂತುವಿನಲ್ಲಿ ಆ ಸಾಲು ತುದಿಗಳಲ್ಲಷ್ಟೇ ಅಲ್ಲ, ಒಡಲಿನ ಮಧ್ಯದಲ್ಲೂ ಇದೆ, ಎರಡು ತುದಿಗಳು ಎದುರುಬದುರಾಗಿ ಕೂಡಿದಂತೆ. 1991ರಲ್ಲಿ ಈ ಬೆಸುಗೆಯ ಜಾಗ ಪತ್ತೆಯಾಯಿತು. ಕೋಶ ಒಡೆಯುವಾಗ ವರ್ಣತಂತುವನ್ನು ಎಳೆಯಲು ಹಿಡಿಯಾಗುವ ಭಾಗಕ್ಕೆ ಸೆಂಟ್ರೊಮಿಯರ್ ಎನ್ನುತ್ತಾರೆ, ವರ್ಣತಂತುವಿಗೆ ಸಾಮಾನ್ಯವಾಗಿ ಒಂದೇ; ಕೆಲಸ ನಿಲ್ಲಿಸಿದ ಎರಡನೇ ಸೆಂಟ್ರೊಮಿಯರ್‌ನ ಪಳೆಯುಳಿಕೆಯೂ ಅದೇ ವರ್ಣತಂತುವಿನಲ್ಲಿದೆ. ಓದುವ ನಿಮ್ಮ ಜೀವಕೋಶಗಳಲ್ಲೂ ಇದೆ. ಇದನ್ನು ಕೋರ್ಟಿಗೆ ವಿವರಿಸಿದ ಮಿಲ್ಲರ್ ಕ್ಯಾಥೊಲಿಕ್ ನಂಬಿಕೆಯವರು. ಅವರ ಚರ್ಚು 1950ರಲ್ಲೇ ವಿಕಾಸದ ಅಧ್ಯಯನಕ್ಕೆ ಅಡ್ಡಿಯಿಲ್ಲ ಎಂದಿತ್ತು, 1996ರಲ್ಲಿ ಎರಡನೇ ಜಾನ್ ಪಾಲ್ ಅದು ಬರೀ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿದ್ದರು. ಡೋವರ್ ತೀರ್ಪು ಮಂಡಳಿಯ ವಿರುದ್ಧ ಬಂತು.

ಭಾರತದಲ್ಲಿ ಇಂಥ ಮೊಕದ್ದಮೆ ನಡೆಯಲಿಲ್ಲ. ಇಲ್ಲಿ ಡಾರ್ವಿನ್‌ಗೆ ಸಿಕ್ಕಿದ್ದು ಜಗಳವಲ್ಲ, ಸ್ವಾಗತ. 19ನೇ ಶತಮಾನ ಮುಗಿಯುವ ಮೊದಲೇ ಥಿಯಾಸಫಿಯ ಬ್ಲಾವಟ್‌ಸ್ಕಿ, ಬ್ರಹ್ಮ ಸಮಾಜದ ಕೇಶವಚಂದ್ರ ಸೇನ್ ದಶಾವತಾರದಲ್ಲಿ ವಿಕಾಸದ ಕ್ರಮ ಕಂಡಿದ್ದರು: ನೀರಿನ ಮತ್ಸ್ಯ, ನೀರು ನೆಲ ಎರಡರ ಕೂರ್ಮ, ನೆಲದ ವರಾಹ, ಅರ್ಧ ಮೃಗ ಅರ್ಧ ಮನುಷ್ಯನಾದ ನರಸಿಂಹ, ಕುಳ್ಳ ವಾಮನ. ವಿವೇಕಾನಂದರು ಪತಂಜಲಿಯ ಸೂತ್ರವೊಂದರಲ್ಲಿ ವಿಕಾಸದ ವಿವರಣೆ ಕಂಡರು, ಆದರೆ ಮನುಷ್ಯನ ಏಳಿಗೆಗೆ ಹೋರಾಟವೇ ಕಾರಣ ಎಂಬುದನ್ನು ಒಪ್ಪಲಿಲ್ಲ. ದಶಾವತಾರದ ಹೋಲಿಕೆಯನ್ನು ಇಂದಿಗೂ ಭಾಷಣಗಳಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಕೇಳುತ್ತೇವೆ. ಕೇಳಲು ಹಿತವಾಗಿದೆ. ಆದರೆ ಅವತಾರಗಳಲ್ಲಿ ಒಂದು ಇನ್ನೊಂದನ್ನು ಹೆರುವುದಿಲ್ಲ, ಪ್ರತಿಯೊಂದಕ್ಕೂ ಒಂದು ಉದ್ದೇಶವಿದೆ. ಡಾರ್ವಿನ್ ಹೇಳಿದ್ದರಲ್ಲಿ ಪೀಳಿಗೆಯ ಕೊಂಡಿಯೇ ಎಲ್ಲ, ಉದ್ದೇಶವೆಂಬುದೇ ಇಲ್ಲ. ನಮಗೆ ಮೊದಲೇ ಗೊತ್ತಿತ್ತು ಎಂಬ ಸಮಾಧಾನದಲ್ಲಿ ನಾವು ಅವನನ್ನು ಓದದೆಯೇ ಒಪ್ಪಿಕೊಂಡೆವು. ಜಗಳವಾಡಿದ ಅಮೆರಿಕದಲ್ಲಿ ಪಾಠ ಕಾಯುವವರ ದೊಡ್ಡ ಪಡೆಯೂ ಹುಟ್ಟಿತು. ನಮ್ಮಲ್ಲಿ ಹಾಗಾಗಲಿಲ್ಲ.

ವಿಜ್ಞಾನದ ಕೆಲಸ ಮಾತ್ರ ಇಲ್ಲಿ ಸೊರಗಲಿಲ್ಲ. ಹಾಲ್ಡೇನ್ 1957ರಲ್ಲಿ ಕೋಲ್ಕತ್ತದ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದು, ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ದಶಕಗಳಿಂದ ಅಭ್ಯಾಸ ಮಾಡುತ್ತಿರುವುದು ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಹುಳವನ್ನು. ಕಿಟಕಿ, ಸಜ್ಜಾಗಳಲ್ಲಿ ಕಾಗದದಂಥ ಗೂಡು ಕಟ್ಟುವ ಹುಳ ಅದು. ಗೂಡಿನಲ್ಲಿ ಒಂದೇ ರಾಣಿ ಮೊಟ್ಟೆಯಿಡುತ್ತದೆ. ಉಳಿದ ಹೆಣ್ಣುಗಳು ತಾವೂ ಮೊಟ್ಟೆಯಿಡಬಲ್ಲವಾದರೂ ರಾಣಿಯ ಮರಿಗಳಿಗೆ ಮೇವು ತರುತ್ತ ಸವೆಯುತ್ತವೆ. ನಿಸರ್ಗದ ಆಯ್ಕೆ ಇಂಥ ತ್ಯಾಗವನ್ನು ಹೇಗೆ ಉಳಿಸೀತು ಎಂಬುದು ಇರುವೆಗಳನ್ನು ನೋಡಿ ಡಾರ್ವಿನ್‌ನನ್ನೇ ಕಾಡಿದ ಪ್ರಶ್ನೆ. ಹತ್ತಿರದ ರಕ್ತಸಂಬಂಧವೇ ಕಾರಣ ಎಂಬುದು ಪ್ರಚಲಿತ ಉತ್ತರ. ಈ ಗೂಡುಗಳಲ್ಲಿ ಆ ಸಂಬಂಧ ಅಷ್ಟೇನೂ ಗಟ್ಟಿಯಿಲ್ಲ ಎಂದು ಗದಗ್ಕರ್ ತೋರಿಸಿದರು. ಒಂಟಿಯಾಗಿ ಗೂಡು ಕಟ್ಟಿದ ಹೆಣ್ಣು ನಡುವೆ ಸತ್ತರೆ ಮರಿಗಳೂ ಸಾಯುತ್ತವೆ. ಗುಂಪಿನಲ್ಲಿದ್ದು ಸತ್ತರೆ ಅದು ಅಲ್ಲಿಯವರೆಗೆ ಸಾಕಿದ ಮರಿಗಳನ್ನು ಬೇರೆಯವು ನೋಡಿಕೊಳ್ಳುತ್ತವೆ. ಅದರ ದುಡಿಮೆ ವ್ಯರ್ಥವಾಗದು ಎಂಬುದು ಅವರ ಉತ್ತರದ ಒಂದು ಮುಖ್ಯ ಎಳೆ.

ಸಂಶೋಧನೆ ಈ ಎತ್ತರದಲ್ಲಿದ್ದಾಗಲೇ, 2018ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾಗುವುದನ್ನು ನಮ್ಮ ಪೂರ್ವಜರು ಯಾರೂ ನೋಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು, ಶಾಲಾ ಪಠ್ಯ ಬದಲಾಗಬೇಕು ಎಂದರು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆಯಲ್ಲಿ ಅದನ್ನು ಖಂಡಿಸಿದವು. ಮಾತು ಅಲ್ಲಿಗೆ ನಿಂತಿತು. ಪಾಠ ಹೋದದ್ದು ಆಮೇಲೆ, ಯಾವ ಭಾಷಣವೂ ಇಲ್ಲದೆ. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುತ್ತೇವೆಂದು ಎನ್‌ಸಿಇಆರ್‌ಟಿ ಪಠ್ಯಗಳನ್ನು ಕತ್ತರಿಸಿದಾಗ ಹತ್ತನೇ ತರಗತಿ ವಿಜ್ಞಾನದ ‘ಅನುವಂಶೀಯತೆ ಮತ್ತು ವಿಕಾಸ’ ಅಧ್ಯಾಯ ಬರೀ ‘ಅನುವಂಶೀಯತೆ’ಯಾಯಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ಮರಳಿಸಿ ಎಂದು ಬಹಿರಂಗ ಪತ್ರ ಬರೆದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಎಂಬುದು ಅಧಿಕೃತ ಉತ್ತರ.

ಇದೆ, ಜೀವವಿಜ್ಞಾನ ಆರಿಸಿಕೊಂಡವರಿಗೆ. ಹತ್ತನೆಯದು ಮುಗಿಸಿ ಕಾಮರ್ಸ್, ಆರ್ಟ್ಸ್, ಡಿಪ್ಲೊಮಾ, ಐಟಿಐಗೆ ಹೋಗುವ, ಓದನ್ನೇ ಬಿಡುವ ಮಕ್ಕಳಿಗೆ ಅದು ಇನ್ನೆಂದೂ ಎದುರಾಗುವುದಿಲ್ಲ. ಸುಜನನ ಶಾಸ್ತ್ರದಂಥ ಸುಳ್ಳು ನಾಳೆ ಬೇರೆ ವೇಷದಲ್ಲಿ, ಜಾತಿಯ ಹೆಸರಲ್ಲೋ ರಕ್ತದ ಹೆಸರಲ್ಲೋ ಬಂದಾಗ ಎದುರು ನಿಲ್ಲಬೇಕಾದವರಲ್ಲಿ ಅವರೂ ಇದ್ದಾರೆ. ಅಧ್ಯಾಯ ಹತ್ತನೇ ತರಗತಿಗೇ ಮರಳಬೇಕು. ಈಗಿನ ಪುಸ್ತಕದಲ್ಲಿ ಮೆಂಡೆಲ್‌ನ ಬಟಾಣಿ ಇದೆ, ಪೀಳಿಗೆಯಿಂದ ಪೀಳಿಗೆಗೆ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋಗುತ್ತವೆ ಎಂಬ ಭಾಗವೂ ಇದೆ. ಹಾಗೆ ಕೂಡುತ್ತ ಹೋದರೆ ಏನಾಗುತ್ತದೆ ಎಂದು ಹೇಳುವ ಪುಟಗಳಿಲ್ಲ.