ಕಾರಿನ ಮುಂದಿನ ಗಾಜು: ಗೀರು, ಚಕ್ಕೆ, ಕುಳಿ ಮೂರಕ್ಕೂ ಬೇರೆ ಬೇರೆ ಲೆಕ್ಕ

"ಈ ಗಾಜು ಎಷ್ಟು ಗಟ್ಟಿ?" ಎಂಬ ಪ್ರಶ್ನೆ ಹಿಡಿದು ವಿಂಡ್‌ಶೀಲ್ಡ್‌ನ ಬಾಳಿಕೆ ಓದಲು ಹೊರಟರೆ ಎರಡನೇ ಪುಟಕ್ಕೇ ಎಲ್ಲ ಕಲಸಿಹೋಗುತ್ತದೆ. ಗೀರು ಬೀಳುತ್ತದೋ ಇಲ್ಲವೋ ಎನ್ನುವುದು ಗಡಸುತನದ ಮಾತು. ಒಡೆಯುತ್ತದೋ ಇಲ್ಲವೋ ಎನ್ನುವುದು ಮೇಲ್ಮೈಯಲ್ಲಿ ಆಗಲೇ ಇರುವ ಬಿರುಕಿನ ಆಳದ ಮಾತು. ಗಾಜು ಮಂಕಾಗುವುದಕ್ಕೆ ಕಾರಣ ಸಣ್ಣ ಕುಳಿಗಳ ಸಂಖ್ಯೆ. ಈ ಮೂರನ್ನು ಮೊದಲೇ ಬೇರೆ ಬೇರೆ ಇಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಕೂರುತ್ತದೆ.

ರಚನೆ

ಎರಡು ಗಾಜಿನ ಹಾಳೆ, ನಡುವೆ ಪಿವಿಬಿ ಎಂಬ ಮೆತ್ತನೆಯ ಪ್ಲಾಸ್ಟಿಕ್ ಪದರ. ಹೊರಹಾಳೆ ಸಾಮಾನ್ಯವಾಗಿ 2.1 ಮಿ.ಮೀ. ಆಸುಪಾಸು, ಒಳಹಾಳೆ 1.6ರಿಂದ 2.1 ಮಿ.ಮೀ., ಪಿವಿಬಿ 0.76 ಮಿ.ಮೀ. ಎರಡು ಹಾಳೆಗಳೂ ನಿಧಾನವಾಗಿ ತಣಿಸಿದ ಸೋಡಾ-ಸುಣ್ಣದ ಗಾಜು. ಪಕ್ಕದ ಕಿಟಕಿಗಳು ಹೆಚ್ಚಾಗಿ ಟೆಂಪರ್ ಮಾಡಿದವು (ಕಾಯಿಸಿ ತಟ್ಟನೆ ತಣಿಸಿ ಬಲಪಡಿಸಿದವು), ಮುಂದಿನದು ಹಾಗಲ್ಲ. ಟೆಂಪರ್ ಗಾಜು ಒಂದು ಕಡೆ ಒಡೆದರೂ ಇಡೀ ಹಾಳೆ ಕಾಳುಕಾಳಾಗುತ್ತದೆ, ಓಡುತ್ತಿರುವ ಕಾರಿನಲ್ಲಿ ಎದುರಿನ ರಸ್ತೆಯೇ ಕಾಣದಂತಾಗುತ್ತದೆ. ಸಾದಾ ಗಾಜಿನಲ್ಲಿ ಬಿರುಕು ಬಿದ್ದ ಜಾಗ ಬಿಟ್ಟು ಉಳಿದ ಕಡೆ ಕಾಣುತ್ತಿರುತ್ತದೆ, ಚೂರುಗಳನ್ನು ಪಿವಿಬಿ ಹಿಡಿದುಕೊಂಡಿರುತ್ತದೆ.

ಪರೀಕ್ಷೆಯಲ್ಲೂ ಮಾತುಕತೆಯಲ್ಲೂ ಪದೇ ಪದೇ ಬರುವ ತಪ್ಪು: "ಟೆಂಪರ್ ಗಾಜಿಗೆ ಗೀರು ಬೀಳುವುದಿಲ್ಲ." ಬೀಳುತ್ತದೆ. ಟೆಂಪರ್ ಮಾಡಿದಾಗ ಮೇಲ್ಮೈ ಅದುಮಿದ ಸ್ಥಿತಿಯಲ್ಲಿರುತ್ತದೆ, ಆದ್ದರಿಂದ ಬಿರುಕು ಬಾಯಿ ತೆರೆಯುವುದು ಕಷ್ಟ. ಗಡಸುತನ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ.

ಗೀರು

ಮೋಸ್ ಮಾಪಕದಲ್ಲಿ (ಗಡಸುತನದ 1ರಿಂದ 10ರ ಅಳತೆ) ಈ ಗಾಜು 5.5ರಿಂದ 6. ಮರಳಿನಲ್ಲೂ ರಸ್ತೆಯ ದೂಳಿನಲ್ಲೂ ಇರುವ ಕ್ವಾರ್ಟ್ಸ್ 7. ಇಷ್ಟು ಗೊತ್ತಿದ್ದರೆ ಸಾಕು: ವೈಪರ್‌ನ ರಬ್ಬರ್ ಗೀರು ಹಾಕುವುದಿಲ್ಲ, ರಬ್ಬರ್ ಕೆಳಗೆ ಸಿಕ್ಕಿಕೊಂಡ ದೂಳಿನ ಕಣ ಹಾಕುತ್ತದೆ. ಒಣ ಗಾಜಿನ ಮೇಲೆ ವೈಪರ್ ಓಡಿಸಬಾರದು ಎನ್ನುವುದಕ್ಕೆ ಕಾರಣ ಇದೇ. ರಬ್ಬರ್ ಹರಿದು ಒಳಗಿನ ಲೋಹದ ಪಟ್ಟಿ ಗಾಜಿಗೆ ತಾಗುವ ಹಂತಕ್ಕೆ ಬಂದರೆ ಒಂದೇ ಮಳೆಯಲ್ಲಿ ಕಮಾನಿನಾಕಾರದ ಆಳ ಗೀರು ಬೀಳುತ್ತದೆ.

ತೊಳೆಯುವಾಗ ಮೊದಲು ಧಾರಾಳವಾಗಿ ನೀರು ಸುರಿದು ಕಣಗಳನ್ನು ಇಳಿಸಬೇಕು, ಆಮೇಲೆ ಬಟ್ಟೆ. ಬಟ್ಟೆ ನೆಲಕ್ಕೆ ಬಿದ್ದರೆ ಬೇರೆ ತೆಗೆದುಕೊಳ್ಳಿ. ಅಂಟು ಕೆರೆಯಲು ಬ್ಲೇಡ್ ಬಳಸುವುದಾದರೆ ಹೊಸ ಬ್ಲೇಡ್, ಸೋಪುನೀರಿನಿಂದ ಒದ್ದೆ ಮಾಡಿದ ಗಾಜು, ಮುಂದಕ್ಕೆ ಮಾತ್ರ ತಳ್ಳುವುದು. ಹಿಂದಕ್ಕೆ ಎಳೆದರೆ ಬ್ಲೇಡ್ ಕೆಳಗೆ ಸೇರಿದ ಕಣ ಗೀರುತ್ತದೆ.

ಕೋಟಿಂಗ್ ಡಬ್ಬಿಗಳ ಮೇಲಿನ "9ಎಚ್" ಬಗ್ಗೆ ಒಂದು ಮಾತು. ಅದು ಪೆನ್ಸಿಲ್ ಗಡಸುತನದ ಅಳತೆ, ಮೋಸ್ ಮಾಪಕದ 9 ಅಲ್ಲ. ಏನೂ ಬಳಿಯದ ಗಾಜು ಕೂಡ 9ಎಚ್ ಪೆನ್ಸಿಲ್‌ಗೆ ಜಗ್ಗುವುದಿಲ್ಲ. ನೀರು ಜಾರಿಸುವ ಕೋಟಿಂಗ್‌ಗಳು ತೀರಾ ತೆಳು. ಮಳೆಯಲ್ಲಿ ಕಾಣಿಸಲು ಒಳ್ಳೆಯವು, ಕಲ್ಲಿನ ಏಟಿಗೆ ಲೆಕ್ಕಕ್ಕಿಲ್ಲ.

ಬಿರುಕಿನ ಆಳ (ಇಲ್ಲಿ ನಿಧಾನಿಸಿ)

ತೊಡರುವ ಜಾಗ ಇದು. ಗಾಜಿನ ಪರಮಾಣು ಬಂಧಗಳನ್ನು ಲೆಕ್ಕ ಹಾಕಿದರೆ ಅದು ಸಾವಿರಾರು ಮೆಗಾಪಾಸ್ಕಲ್ (ಒತ್ತಡ, ಎಳೆತಗಳ ಏಕಮಾನ) ಎಳೆತ ತಾಳಬೇಕು. ನಿಜವಾಗಿ ತಾಳುವುದು ಕೆಲವು ಹತ್ತುಗಳಷ್ಟು. ನಡುವಿನ ಬಲವೆಲ್ಲ ಎಲ್ಲಿ ಹೋಯಿತು? 1921ರಲ್ಲಿ ಬ್ರಿಟಿಷ್ ಎಂಜಿನಿಯರ್ ಗ್ರಿಫಿತ್ ಕೊಟ್ಟ ಉತ್ತರ: ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿವೆ, ಎಳೆತವೆಲ್ಲ ಅವುಗಳ ತುದಿಯಲ್ಲಿ ಕೂಡಿಕೊಳ್ಳುತ್ತದೆ. ಲೋಹದಲ್ಲಾದರೆ ಆ ತುದಿ ಒಡೆಯದೆ ಸ್ವಲ್ಪ ರೂಪ ಬದಲಿಸಿ ಮೊಂಡಾಗುತ್ತದೆ. ಗಾಜಿನಲ್ಲಿ ಹಾಗೆ ಮೊಂಡಾಗುವ ದಾರಿಯೇ ಇಲ್ಲ. ಅದರ ಬಿರುಕುತಡೆ, ಅಂದರೆ ಬಿರುಕು ಹರಡದಂತೆ ತಡೆಯುವ ಗುಣ, ಕೇವಲ 0.75 ಮೆಗಾಪಾಸ್ಕಲ್·√ಮೀಟರ್. ಹೀಗಾಗಿ ಗಾಜು ಗಡುಸೂ ಹೌದು, ಸುಲಭವಾಗಿ ಒಡೆಯುವುದೂ ಹೌದು, ಎರಡಕ್ಕೂ ವಿರೋಧವಿಲ್ಲ.

ಸೂತ್ರ ಹೀಗೆ:

ತಾಳಬಲ್ಲ ಎಳೆತ = 0.75 ÷ (1.12 × √(3.14 × ಆಳ))

0.75 ಮೇಲೆ ಹೇಳಿದ ಬಿರುಕುತಡೆ, 1.12 ಮೇಲ್ಮೈಯಲ್ಲಿರುವ ಬಿರುಕಿಗೆ ಸೇರಿಸುವ ಗುಣಕ. ಆಳವನ್ನು ಮೀಟರಿನಲ್ಲಿ ಹಾಕಬೇಕು. ಮಿ.ಮೀ.ನಲ್ಲಿ ಹಾಕಿದರೆ ಉತ್ತರ ಸುಮಾರು ಮೂವತ್ತೆರಡು ಪಟ್ಟು ತಪ್ಪುತ್ತದೆ, ಏಕೆಂದರೆ ಸಾವಿರದ ವರ್ಗಮೂಲ 31.6. ಬಿಡಿಸಿ ನೋಡೋಣ.

ಆಳ 0.01 ಮಿ.ಮೀ. ಆದರೆ 120 ಮೆಗಾಪಾಸ್ಕಲ್.
ಆಳ 0.1 ಮಿ.ಮೀ. ಆದರೆ 38.
ಆಳ 0.5 ಮಿ.ಮೀ. ಆದರೆ 17.
ಆಳ 1 ಮಿ.ಮೀ. ಆದರೆ 12.

ನೆನಪಿಗೆ ಸುಲಭವಾದ ದಾರಿ: ಆಳ ನಾಲ್ಕು ಪಟ್ಟಾದರೆ ಬಲ ಅರ್ಧ. ಆಳ ನೂರು ಪಟ್ಟಾದರೆ ಬಲ ಹತ್ತನೇ ಒಂದು. ಪಟ್ಟಿಯ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಹೋಲಿಸಿ, ಇದೇ ಕಾಣುತ್ತದೆ. ಗಾಜು ಹೊಸದೋ ಹಳೆಯದೋ, ಯಾವ ಕಂಪನಿಯದೋ ಎನ್ನುವುದಕ್ಕಿಂತ ಅದರ ಮೇಲಿನ ಅತಿ ಆಳದ ಒಂದೇ ಒಂದು ಗಾಯ ಮುಖ್ಯ. ಸರಾಸರಿ ಆಳಕ್ಕೆ ಇಲ್ಲಿ ಬೆಲೆಯಿಲ್ಲ.

ಈಗ ಇನ್ನೊಂದು ಸಂಖ್ಯೆ ಸೇರಿಸಿ. ಗಾಜಿನ ಒಂದು ಭಾಗ ಬಿಸಿ, ಪಕ್ಕದ್ದು ತಣ್ಣಗೆ ಇದ್ದರೆ, ಹಿಗ್ಗಲಾಗದ ತಣ್ಣಗಿನ ಭಾಗ ಎಳೆತಕ್ಕೆ ಸಿಗುತ್ತದೆ. ಎಷ್ಟು ಎಳೆತ? ಯಂಗ್ ಗುಣಾಂಕ (ಎಳೆದಾಗ ಎಷ್ಟು ಬಿಗಿ ಎಂಬ ಅಳತೆ) 70,000 ಮೆಗಾಪಾಸ್ಕಲ್, ಹಿಗ್ಗುವ ಗುಣಾಂಕ ಡಿಗ್ರಿಗೆ 0.000009. ಗುಣಿಸಿದರೆ ಡಿಗ್ರಿಗೆ 0.63 ಮೆಗಾಪಾಸ್ಕಲ್. ಇದು ಗಾಜು ಸ್ವಲ್ಪವೂ ಜರುಗದಂತೆ ಹಿಡಿದಿಟ್ಟಾಗಿನ ಅಂದಾಜು, ನಿಜದಲ್ಲಿ ಇದಕ್ಕಿಂತ ಕಡಿಮೆ ಇರಬಹುದು. ಆದರೂ ನೋಡಿ: 20 ಡಿಗ್ರಿ ವ್ಯತ್ಯಾಸಕ್ಕೆ 12.6 ಮೆಗಾಪಾಸ್ಕಲ್. 1 ಮಿ.ಮೀ. ಆಳದ ಗಾಯ ತಾಳುವುದು 12. ನಿನ್ನೆಯ ಚಕ್ಕೆ ಇವತ್ತು ಬೆಳಗ್ಗೆ ಡಿಫ್ರಾಸ್ಟರ್ ಬಿಸಿಗಾಳಿ ಬಿಟ್ಟ ಕೂಡಲೇ ಉದ್ದ ಬಿರುಕಾಗುವುದು ಈ ಎರಡು ಸಂಖ್ಯೆಗಳು ಸಂಧಿಸಿದಾಗ. ಸುಡುವ ಬಿಸಿಲಿನಲ್ಲಿ ನಿಂತ ಕಾರಿಗೆ ತಣ್ಣೀರು ಎರಚಿದರೂ ಇದೇ ಲೆಕ್ಕ.

ಬಿರುಕು ಹೊರಹಾಳೆಯನ್ನು ಪೂರ್ತಿ ದಾಟಿ ಪಿವಿಬಿ ಮುಟ್ಟಿದ ಮೇಲೆ ಆಳದ ಬದಲು ಉದ್ದ ಲೆಕ್ಕಕ್ಕೆ ಬರುತ್ತದೆ: ಒಟ್ಟು ಉದ್ದದ ಅರ್ಧ ಹಾಕಿ, 1.12 ಬಿಡಿ. ಎರಡೂ ಬದಿಗೆ 10 ಮಿ.ಮೀ. ಕಾಲು ಚಾಚಿದ ನಕ್ಷತ್ರ ಬಿರುಕಿಗೆ ಉತ್ತರ ಸುಮಾರು 4.2 ಮೆಗಾಪಾಸ್ಕಲ್. ಪಿವಿಬಿಯ ಹಿಡಿತವನ್ನು ಬಿಟ್ಟು ನೋಡಿದರೆ ಅದಕ್ಕೆ ಏಳು ಡಿಗ್ರಿ ವ್ಯತ್ಯಾಸ ಸಾಕು.

ಇದರ ಮೇಲೆ ನೀರಿನ ಕೆಲಸ ಬೇರೆ. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕ ಸಿಲಿಕಾನ್-ಆಮ್ಲಜನಕ ಬಂಧವನ್ನು ನೀರಿನ ಅಣು ಕತ್ತರಿಸುತ್ತದೆ. ಹೀಗಾಗಿ ಸೂತ್ರ ಹೇಳುವ ಮಿತಿ ಮುಟ್ಟುವ ಮೊದಲೇ, ಕಡಿಮೆ ಎಳೆತದಲ್ಲಿ, ಬಿರುಕು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ಚಕ್ಕೆ ಎದ್ದ ಕೂಡಲೇ ಪಾರದರ್ಶಕ ಟೇಪ್ ಅಂಟಿಸಬೇಕು ಎನ್ನುವುದಕ್ಕೆ ದೂಳು ಅರ್ಧ ಕಾರಣ, ನೀರು ಇನ್ನರ್ಧ.

ಕಲ್ಲು ಬಡಿದಾಗ

ಒಂದು ಗ್ರಾಂ ಕಲ್ಲು, ಗಂಟೆಗೆ 100 ಕಿ.ಮೀ. ವೇಗ: ಶಕ್ತಿ 0.39 ಜೌಲ್. ಆದರೆ ಗಾಜಿಗೆ ನೇರವಾಗಿ ಒತ್ತುವುದು ಲಂಬದ ಪಾಲು ಮಾತ್ರ. ನೆಲಕ್ಕೆ 30 ಡಿಗ್ರಿ ಓರೆಯಾಗಿ ಮಲಗಿದ ಗಾಜಿನಲ್ಲಿ ವೇಗದ ಅರ್ಧ, ಅಂದರೆ ಶಕ್ತಿಯ ಕಾಲು ಪಾಲು. 60 ಡಿಗ್ರಿಯಲ್ಲಿ ನೆಟ್ಟಗಿರುವ ಗಾಜಿನಲ್ಲಿ ಮುಕ್ಕಾಲು ಪಾಲು. ಅದೇ ಕಲ್ಲು, ಮೂರು ಪಟ್ಟು ಏಟು. ಎದುರಿನಿಂದ ಬರುವ ಲಾರಿಯ ಚಕ್ರ ಎಸೆದ ಕಲ್ಲಿಗೆ ಅದರ ವೇಗವೂ ನಿಮ್ಮ ವೇಗವೂ ಕೂಡುತ್ತವೆ, ಶಕ್ತಿ ವರ್ಗದಲ್ಲಿ ಏರುತ್ತದೆ.

ಗುಂಡನೆಯ ಕಲ್ಲಾದರೆ ಶಂಕುವಿನಾಕಾರದ ಬಿರುಕು ಒಳಗಿಳಿಯುತ್ತದೆ; ಹೊರಗಿನಿಂದ ಕಪ್ಪು ವೃತ್ತ ಕಾಣುತ್ತದೆ, ಇದನ್ನೇ ಬುಲ್ಸ್‌ಐ ಎನ್ನುವುದು. ಚೂಪು ಕಲ್ಲಾದರೆ ಬಡಿದ ಬಿಂದುವಿನಿಂದ ಕಾಲುಗಳು ಚಾಚುತ್ತವೆ, ಅದು ನಕ್ಷತ್ರ. ಚಕ್ಕೆ ಹಾರುವುದು ಕಲ್ಲು ಒತ್ತುವಾಗಲ್ಲ, ಹಿಂದೆ ಸರಿಯುವಾಗ. ಒತ್ತಿದ ಜಾಗದಲ್ಲಿ ಗಾಜು ಕೊಂಚ ನುಜ್ಜಾಗಿ ಉಳಿದಿರುತ್ತದೆ. ಭಾರ ತೆಗೆದಾಗ ಸುತ್ತಲಿನ ಗಾಜು ಮೊದಲಿನ ಸ್ಥಿತಿಗೆ ಮರಳಲು ಹೋಗಿ ಮೇಲ್ಮೈಗೆ ಸಮಾನಾಂತರವಾಗಿ ಸೀಳುತ್ತದೆ, ಆ ಸೀಳು ಮೇಲೆ ಬಂದಲ್ಲಿ ಚಕ್ಕೆ ಏಳುತ್ತದೆ.

ಅಂಚಿನ ಹತ್ತಿರದ ಏಟು ಹೆಚ್ಚು ಅಪಾಯ. ಗಾಜನ್ನು ಬಾಗಿಸಿ ತಣಿಸುವಾಗ ಅಂಚಿನಲ್ಲಿ ಅದುಮಿದ ಪಟ್ಟಿ ಉಳಿಯುತ್ತದೆ, ಅದರ ಒಳಬದಿಗೆ ಎಳೆತದ ಪಟ್ಟಿ. ಅಲ್ಲಿ ಬಿದ್ದ ಬಿರುಕಿಗೆ ಎಳೆತ ಮೊದಲೇ ಸಿದ್ಧವಾಗಿದೆ.

ಕುಳಿ

ಮರಳುಕಣಗಳು ವರ್ಷಗಟ್ಟಲೆ ಬಡಿದು ಆಗುವ ಚುಕ್ಕೆಗಳು. ಇವುಗಳಿಂದ ಗಾಜು ಒಡೆಯುವುದು ಅಪರೂಪ (0.1 ಮಿ.ಮೀ. ಸಾಲನ್ನು ಮತ್ತೆ ನೋಡಿ), ಕಣ್ಣು ಕೋರೈಸುವುದೇ ತೊಂದರೆ. ಇಳಿಬಿಸಿಲಿನಲ್ಲಿ, ಎದುರಿನ ಹೆಡ್‌ಲೈಟ್‌ನಲ್ಲಿ ಪ್ರತಿ ಕುಳಿಯೂ ಬೆಳಕು ಚೆದರಿಸುತ್ತದೆ. ಅಳತೆಯ ಹೆಸರು ಹೇಝ್: ಗಾಜು ದಾಟಿದ ಬೆಳಕಿನಲ್ಲಿ 2.5 ಡಿಗ್ರಿಗಿಂತ ಹೆಚ್ಚು ದಾರಿ ತಪ್ಪಿದ ಪಾಲು. ಟೇಬರ್ ಯಂತ್ರದ ಉಜ್ಜುಚಕ್ರದಲ್ಲಿ 1000 ಸುತ್ತಿನ ನಂತರ ಹೊರಮೈಯ ಹೇಝ್ 2% ಮೀರಬಾರದು ಎಂದು ಪ್ರಮಾಣಕ ಹೇಳುತ್ತದೆ. ಆ ಪರೀಕ್ಷೆ ಉಜ್ಜಾಟವನ್ನು ಅಳೆಯುತ್ತದೆ, ಏಟನ್ನಲ್ಲ. ಅದರಲ್ಲಿ ಪಾಸಾದ ಗಾಜು ಕಲ್ಲಿಗೂ ಜಗ್ಗದು ಎಂದುಕೊಳ್ಳುವುದು ತಪ್ಪು.

ಗುರುತಿಸಲು: ರಾತ್ರಿ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿಯಿರಿ. ಎಲ್ಲೆಡೆ ಮಿನುಗುವ ಚುಕ್ಕೆಗಳಿದ್ದರೆ ಕುಳಿ. ವೈಪರ್ ಬುಡವನ್ನು ಕೇಂದ್ರ ಮಾಡಿಕೊಂಡ ಕಮಾನುಗಳಿದ್ದರೆ ವೈಪರ್ ಗೀರು. ಅಡ್ಡಾದಿಡ್ಡಿ ಸುರುಳಿಗಳಿದ್ದರೆ ತೊಳೆಯುವ ಬಟ್ಟೆ.

ರೆಸಿನ್ ತುಂಬುವುದು

ತತ್ವ ಸರಳ. ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.52, ಗಾಳಿಯದು 1.00; ಆ ಅಂತರದಿಂದಲೇ ಬಿರುಕು ಬೆಳ್ಳಗೆ ಹೊಳೆಯುತ್ತದೆ. ಗಾಜಿಗೆ ಹತ್ತಿರದ ಸೂಚ್ಯಂಕದ ರೆಸಿನ್ (ಯುವಿ ಬೆಳಕಿಗೆ ಗಟ್ಟಿಯಾಗುವ ಪಾರದರ್ಶಕ ಅಂಟು) ತುಂಬಿದರೆ ಹೊಳಪು ಮಾಯ, ಬಿರುಕಿನ ಎರಡು ಗೋಡೆಗಳೂ ಅಂಟಿಕೊಳ್ಳುತ್ತವೆ. ಸುಮಾರು 25 ಮಿ.ಮೀ. ಒಳಗಿನ ಬುಲ್ಸ್‌ಐಗೆ ಚೆನ್ನಾಗಿ ಕೂರುತ್ತದೆ. ಚಾಲಕನ ನೇರ ನೋಟದಲ್ಲಿದ್ದರೆ ಗಾಜನ್ನೇ ಬದಲಿಸುವುದು ಸರಿ, ತುಂಬಿದ ಮೇಲೂ ಸಣ್ಣ ಕಲೆ ಉಳಿಯುತ್ತದೆ. ಒಳಹಾಳೆಗೂ ಬಿರುಕು ಹೋಗಿದ್ದರೆ ರೆಸಿನ್ ಮಾತೇ ಬೇಡ.

ನೆರಳಿನಲ್ಲಿ ಮಾಡಿ, ಬಿಸಿಲಿನ ಯುವಿ ಕಿರಣಕ್ಕೆ ರೆಸಿನ್ ತುಂಬುವ ಮೊದಲೇ ಗಟ್ಟಿಯಾಗುತ್ತದೆ. ಸಡಿಲ ಚೂರುಗಳನ್ನು ಸೂಜಿಯಿಂದ ತೆಗೆಯಿರಿ, ನೀರು ಹಾಕಬೇಡಿ. ಒಳಗೆ ತೇವ ಉಳಿದರೆ ಹಾಲಿನಂಥ ಮಬ್ಬು ಬರುತ್ತದೆ. ರೆಸಿನ್ ಒತ್ತಿ ತುಂಬುವ ಇಂಜೆಕ್ಟರ್‌ನ ರಬ್ಬರ್ ಗಾಜಿಗೆ ಮುಚ್ಚಿಕೊಳ್ಳುವಷ್ಟೇ ಬಿಗಿ ಇರಲಿ, ಜಾಸ್ತಿ ತಿರುಗಿಸಿದರೆ ಕಾಲುಗಳು ಓಡುತ್ತವೆ. ಒಮ್ಮೆ ನಿರ್ವಾತ, ಒಮ್ಮೆ ಒತ್ತಡ, ಹೀಗೆ ಬದಲಿಸುತ್ತಾ ಒಳಗಿನಿಂದ ನೋಡಿ: ಬೆಳ್ಳಿಯಂತೆ ಹೊಳೆಯುವಲ್ಲಿ ಇನ್ನೂ ಗಾಳಿ ಇದೆ. ನಕ್ಷತ್ರದ ಕಾಲಿನ ತುದಿಯವರೆಗೆ ರೆಸಿನ್ ಹೋಗದಿದ್ದರೆ ಅದೇ ತುದಿಯಿಂದ ಮತ್ತೆ ಬಿರುಕು ಹೊರಡುತ್ತದೆ. ಕೊನೆಗೆ ಮೇಲಿನ ಗುಂಡಿಗೆ ದಪ್ಪ ರೆಸಿನ್, ಮೇಲೆ ಪಾರದರ್ಶಕ ಹಾಳೆ, ಯುವಿ ದೀಪ. ಗಟ್ಟಿಯಾದ ಮೇಲೆ ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆಯಿರಿ.

ಪಾಲಿಶ್

ಉಗುರು ಸಿಕ್ಕದಷ್ಟು ತೆಳು ಗೀರಿಗೆ ಮಾತ್ರ ಸೀರಿಯಂ ಆಕ್ಸೈಡ್ ಪುಡಿ, ನೀರು, ಫೆಲ್ಟ್ ಪ್ಯಾಡ್. ಉಗುರು ಸಿಕ್ಕುವ ಗೀರನ್ನು ಅಳಿಸಲು ಸುತ್ತಲಿನ ಗಾಜನ್ನೂ ಅಷ್ಟೇ ಆಳಕ್ಕೆ ಇಳಿಸಬೇಕು, ಆಗ ಅಲ್ಲೊಂದು ಮಸೂರವಾಗುತ್ತದೆ. ಪ್ಯಾಡ್ ಒಣಗಲು ಬಿಡಬೇಡಿ. ಒಂದೇ ಜಾಗ ಕಾದರೆ ಡಿಗ್ರಿಗೆ 0.63ರ ಲೆಕ್ಕ ಇಲ್ಲೂ ನಡೆಯುತ್ತದೆ. ಆಗಾಗ ನಿಲ್ಲಿಸಿ, ಒಳಗೆ ಕೂತು, ದೂರದ ಕಂಬದ ನೇರ ಅಂಚನ್ನು ಆ ಜಾಗದ ಮೂಲಕ ನೋಡುತ್ತಾ ತಲೆ ಅತ್ತಿತ್ತ ಆಡಿಸಿ. ಅಂಚು ಬಳುಕಿದರೆ ಅಲ್ಲಿಗೇ ಪಾಲಿಶ್ ನಿಲ್ಲಿಸಿ, ಗೀರು ಇನ್ನೂ ಉಳಿದಿದ್ದರೂ ಸರಿ.