ಪದ ಪರಿಚಯ: ಸೇನಾ ಚಿತ್ರೀಕರಣ ಘಟಕ

ಯುದ್ಧ ನಡೆಯುತ್ತಿರುವಾಗಲೇ ಅದನ್ನು ಚಲನಚಿತ್ರದಲ್ಲಿ ದಾಖಲಿಸುವುದಕ್ಕೆಂದು ಸೇನೆಯೇ ಕಟ್ಟಿಕೊಂಡ, ಸಮವಸ್ತ್ರ ತೊಟ್ಟ ಛಾಯಾಗ್ರಾಹಕರ ತಂಡಕ್ಕೆ ಸೇನಾ ಚಿತ್ರೀಕರಣ ಘಟಕ ಎಂದು ಹೆಸರು. ಪತ್ರಿಕೆಗಳ ವರದಿಗಾರರಂತೆ ಇವರು ಹೊರಗಿನಿಂದ ಬಂದವರಲ್ಲ; ಸೇನೆಯ ದರ್ಜೆ, ಸಂಬಳ, ಶಿಸ್ತು ಎಲ್ಲವೂ ಇವರಿಗೂ ಅನ್ವಯಿಸುತ್ತಿದ್ದವು. ಶತ್ರುವಿನ ಹಿಡಿತದಲ್ಲಿದ್ದ ಊರುಗಳು ಬಿಡುಗಡೆಯಾದ ದೃಶ್ಯಗಳೆಂದು ನಾವು ಇಂದು ನೋಡುವ ಎರಡನೇ ಮಹಾಯುದ್ಧದ ತುಣುಕುಗಳಲ್ಲಿ ಬಹುಪಾಲು ಇಂಥ ಘಟಕಗಳವೇ. ಸೇನೆಯ ನಂಟಿರುವ ಕುಟುಂಬಗಳು ಊರೂರಿಗೂ ಇರುವ ಕೊಡಗಿನಲ್ಲಿ ಬರ್ಮಾ ಯುದ್ಧದ ಕಪ್ಪು-ಬಿಳುಪು ತುಣುಕೊಂದು ಮೊಬೈಲಿಗೆ ಬಂದರೆ, ‘ನಮ್ಮ ಅಜ್ಜ ಇದರಲ್ಲಿ ಇರಬಹುದೇ’ ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕಾದರೆ ತುಣುಕು ಹೇಗೆ ತಯಾರಾಯಿತೆಂಬುದು ಮೊದಲು ತಿಳಿದಿರಬೇಕು.

ಬ್ರಿಟಿಷ್ ಸೇನೆ 1941ರಲ್ಲಿ ‘ಆರ್ಮಿ ಫಿಲ್ಮ್ ಅಂಡ್ ಫೋಟೋಗ್ರಾಫಿಕ್ ಯೂನಿಟ್’ ಎಂಬ ಘಟಕವನ್ನು ಸ್ಥಾಪಿಸಿತು. ಸೇನೆಯೊಳಗಿನಿಂದಲೇ ಆರಿಸಿದವರಿಗೆ ಲಂಡನ್ ಸಮೀಪದ ಪೈನ್‌ವುಡ್ ಸ್ಟುಡಿಯೋದಲ್ಲಿ ತರಬೇತಿ ಕೊಟ್ಟು, ಹೆಚ್ಚಿನವರನ್ನು ಸಾರ್ಜೆಂಟ್ ದರ್ಜೆಯಲ್ಲಿ ರಣರಂಗಕ್ಕೆ ಕಳುಹಿಸಲಾಯಿತು. ಅದರ 5ನೇ ಘಟಕ ನಾರ್ಮಂಡಿಯಿಂದ ಜರ್ಮನಿಯವರೆಗೆ ಸಾಗಿದರೆ, 9ನೇ ಘಟಕ ಆಗ್ನೇಯ ಏಷ್ಯಾದಲ್ಲಿ, ಎಂದರೆ ನಮ್ಮವರು ಕಾದಾಡಿದ ಬರ್ಮಾದಲ್ಲಿ ಕೆಲಸ ಮಾಡಿತು. ಅಮೆರಿಕದಲ್ಲಿ ಈ ಹೊಣೆ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್‌ನದಾಗಿತ್ತು.

ಕೈಯಲ್ಲಿ ಹಿಡಿಯುವ 35 ಮಿಲಿಮೀಟರ್ ಕ್ಯಾಮೆರಾವೇ ಈ ಕೆಲಸದ ಮುಖ್ಯ ಸಲಕರಣೆ. ಅಮೆರಿಕನ್ನರ ಬಳಿ ಐಮೋ, ಬ್ರಿಟಿಷರ ಬಳಿ ಬಹುಮಟ್ಟಿಗೆ ಡಿ-ವ್ರೈ ಇರುತ್ತಿತ್ತು. ಅದರಲ್ಲಿ ಹಿಡಿಸುತ್ತಿದ್ದುದು 100 ಅಡಿ ಫಿಲ್ಮ್. ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಅದು ಒಂದು ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತಿಗೆ ಮುಗಿದುಹೋಗುತ್ತಿತ್ತು. ಕ್ಯಾಮೆರಾವನ್ನು ನಡೆಸುತ್ತಿದ್ದುದು ಸ್ಪ್ರಿಂಗ್ ಆದ್ದರಿಂದ ನಡುನಡುವೆ ಕೀಲಿ ತಿರುಗಿಸಲೇಬೇಕಿತ್ತು. ಆದ್ದರಿಂದಲೇ ಇಂಥ ಚಿತ್ರಗಳಲ್ಲಿ ದೃಶ್ಯಗಳು ಕೆಲವೇ ಸೆಕೆಂಡುಗಳಲ್ಲಿ ಕಡಿದು ಮುಂದೆ ಸಾಗುತ್ತವೆ. ಧ್ವನಿಮುದ್ರಣದ ಸೌಲಭ್ಯ ಅದರಲ್ಲಿರಲಿಲ್ಲ; ಇಂದು ನಾವು ಕೇಳುವ ಗುಂಡಿನ ಸದ್ದು, ಜನರ ಜಯಘೋಷ, ಗಂಭೀರ ಕಂಠದ ವಿವರಣೆ ಬಹುತೇಕ ಎಲ್ಲವೂ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು.

ರೀಲಿನಷ್ಟೇ ಮುಖ್ಯವಾದ ಇನ್ನೊಂದು ವಸ್ತು ಡೋಪ್ ಶೀಟ್ ಎಂಬ ಹಾಳೆ. ಯಾವ ದಿನ, ಯಾವ ಊರು, ಯಾವ ಪಡೆ, ಯಾವ ಶಾಟ್‌ನಲ್ಲಿ ಏನಿದೆ ಎಂಬುದನ್ನು ಛಾಯಾಗ್ರಾಹಕ ತಾನೇ ಬರೆದು, ತೊಳೆಯದ ಫಿಲ್ಮಿನೊಂದಿಗೆ ಕಳುಹಿಸುತ್ತಿದ್ದ. ತಾನು ತೆಗೆದುದನ್ನು ತೆರೆಯ ಮೇಲೆ ನೋಡುವ ಅವಕಾಶ ಅವನಿಗೆ ಆ ಹೊತ್ತಿಗೆ ಇರುತ್ತಿರಲಿಲ್ಲ. ಸೆನ್ಸಾರ್ ಮುಗಿದ ಮೇಲೆ ಸಂಕಲನಕಾರರು ಆ ಹಾಳೆಯನ್ನು ನೆಚ್ಚಿಕೊಂಡು ವಾರ್ತಾಚಿತ್ರ ಕಟ್ಟುತ್ತಿದ್ದರು. ನನ್ನ ಮಟ್ಟಿಗೆ ಇತಿಹಾಸದ ವಿದ್ಯಾರ್ಥಿಗೆ ಸಿದ್ಧ ವಾರ್ತಾಚಿತ್ರಕ್ಕಿಂತ ಈ ಹಾಳೆಯೇ ಹೆಚ್ಚು ಬೆಲೆಯುಳ್ಳದ್ದು.

ಹಾಗೆಂದು ರೀಲಿನಲ್ಲಿರುವುದೆಲ್ಲ ಆ ಕ್ಷಣದ ಸತ್ಯವೆಂದು ತಿಳಿಯುವಂತಿಲ್ಲ. ಆಫ್ರಿಕಾದ ಮರುಭೂಮಿಯ ಯುದ್ಧವನ್ನು ತೋರಿಸುವ 1943ರ ‘ಡೆಸರ್ಟ್ ವಿಕ್ಟರಿ’ ಚಿತ್ರದಲ್ಲಿ ಕೆಲವು ದೃಶ್ಯಗಳು ನಂತರ ಮರುಸೃಷ್ಟಿಸಿದವು. ದಾಳಿಗೆ ನುಗ್ಗುತ್ತಿರುವ ಸೈನಿಕರ ಮುಖ ಕ್ಯಾಮೆರಾಕ್ಕೆ ನೇರವಾಗಿ ಕಾಣುತ್ತಿದ್ದರೆ ಛಾಯಾಗ್ರಾಹಕ ಶತ್ರುವಿಗೆ ಬೆನ್ನು ಮಾಡಿ ನಿಂತಿದ್ದ ಎಂದೇ ಅರ್ಥ. ನಿಜವಾದ ಕಾಳಗದಲ್ಲಿ ಹಾಗೆ ನಿಲ್ಲುವ ಧೈರ್ಯ ಯಾರಿಗಿದ್ದೀತು? ಊರಿನ ಬಿಡುಗಡೆಯ ದೃಶ್ಯಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಮೊದಲ ಸೈನಿಕ ಊರು ಹೊಗುವುದನ್ನು ಎದುರಿನಿಂದ ತೋರಿಸುವ ಕ್ಯಾಮೆರಾ ಅವನಿಗಿಂತ ಮೊದಲೇ ಅಲ್ಲಿಗೆ ಹೇಗೆ ತಲುಪಿತು ಎಂದು ಕೇಳಿಕೊಳ್ಳಬೇಕು.

ಆದರೆ ಇದೇ ಘಟಕಗಳ ಚಿತ್ರಗಳು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ನಿಂತಿವೆ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಪಡೆ ಬರ್ಗನ್-ಬೆಲ್ಸನ್ ಯಾತನಾ ಶಿಬಿರಕ್ಕೆ ಪ್ರವೇಶಿಸಿದ ಬಳಿಕ 5ನೇ ಘಟಕದವರು ಅಲ್ಲಿ ದಿನಗಟ್ಟಲೆ ಚಿತ್ರೀಕರಿಸಿದರು. ಕಂಡದ್ದನ್ನು ಜಗತ್ತು ನಂಬದಿರಬಹುದೆಂಬ ಆತಂಕ ಇದ್ದುದರಿಂದ, ನೋಡಲು ಕರೆತಂದ ಸ್ಥಳೀಯ ಜರ್ಮನ್ ಅಧಿಕಾರಿಗಳನ್ನೂ ಹೆಣಗಳ ಗುಂಡಿಯನ್ನೂ ಕಡಿತವಿಲ್ಲದೆ ಒಂದೇ ಶಾಟ್‌ನಲ್ಲಿ ತೋರಿಸುವ ಕ್ರಮವೂ ಬಳಕೆಗೆ ಬಂತು. ಶಿಬಿರಗಳ ಕುರಿತ ಚಿತ್ರವನ್ನು ಅಮೆರಿಕನ್ನರು 1945ರ ನವೆಂಬರ್ 29ರಂದು ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಪ್ರದರ್ಶಿಸಿದಾಗ, ಫಿಲ್ಮನ್ನು ತಿದ್ದಿಲ್ಲವೆಂಬ ಪ್ರಮಾಣಪತ್ರಗಳನ್ನೇ ಚಿತ್ರದ ಆರಂಭದಲ್ಲಿ ಇರಿಸಿದ್ದರು.

ಬರ್ಮಾಕ್ಕೆ ಬಂದರೆ ‘ವಿಮೋಚನೆ’ ಎಂಬ ಶೀರ್ಷಿಕೆಯೇ ತೊಡಕಿನದಾಗುತ್ತದೆ. 1945ರ ಮೇ 3ರಂದು 26ನೇ ಭಾರತೀಯ ಡಿವಿಷನ್ ರಂಗೂನ್ ಪ್ರವೇಶಿಸಿದಾಗ ಅಲ್ಲಿ ಕಾಳಗವೇ ನಡೆಯಲಿಲ್ಲ. ಜಪಾನೀಯರು ಮೊದಲೇ ಊರು ಬಿಟ್ಟಿದ್ದರು. ಅವರು ಹೋಗಿಯಾಯಿತೆಂದು ಯುದ್ಧಕೈದಿಗಳು ಜೈಲಿನ ಮಾಡಿನ ಮೇಲೆ, ವಿಮಾನದಿಂದ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಈ ನಡುವಿನ ದಿನಗಳಲ್ಲಿ ನಗರದ ಶಾಂತಿ ಕಾಯ್ದವರು, ಜಪಾನೀಯರ ಜೊತೆಗೂಡಿ ಬ್ರಿಟಿಷರ ವಿರುದ್ಧ ನಿಂತಿದ್ದ ಆಜಾದ್ ಹಿಂದ್ ಫೌಜಿನ ಮೇಜರ್ ಜನರಲ್ ಲೋಕನಾಥನ್ ಮತ್ತು ಅವರ ಸೈನಿಕರು. ಬಿಡಿಸಲು ಬಂದವರೂ ಭಾರತೀಯರು, ಶರಣಾದವರೂ ಭಾರತೀಯರು, ಮರಳಿ ಬಂದದ್ದು ಮಾತ್ರ ಬ್ರಿಟಿಷ್ ಆಳ್ವಿಕೆ. ಮಡಿಕೇರಿಯ ಕೊಡಂದೇರ ಮನೆತನದಲ್ಲೇ ಈ ಎರಡೂ ಕವಲುಗಳಿದ್ದವು: ಅರಕಾನಿನ ಕಾಂಗಾವ್ ಕಾಳಗದಲ್ಲಿ ಬೆಟಾಲಿಯನ್ ಮುನ್ನಡೆಸಿ, ಮುಂದೆ ಬ್ರಿಗೇಡ್‌ನ ನಾಯಕರಾದವರು ತಿಮ್ಮಯ್ಯನವರು, ಅವರ ಅಣ್ಣ ಪೊನ್ನಪ್ಪನವರು ಸೇರಿದ್ದು ಆಜಾದ್ ಹಿಂದ್ ಫೌಜನ್ನು. ಒಂದು ಸೇನೆಯ ಕ್ಯಾಮೆರಾ ಆ ಸೇನೆಯ ಕಣ್ಣಿನಿಂದಲೇ ನೋಡುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಬ್ರಿಟಿಷ್ ಘಟಕಗಳ ರೀಲುಗಳೂ ಡೋಪ್ ಶೀಟುಗಳೂ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿನ ಸಂಗ್ರಹದಲ್ಲಿ ಮನೆಯ ಹಿರಿಯರನ್ನು ಹುಡುಕುವವರು ಹೆಸರಿನಿಂದ ಆರಂಭಿಸಿದರೆ ನಿರಾಶೆಯೇ ಹೆಚ್ಚು. ಅಧಿಕಾರಿಗಳ ಹೆಸರು ಹಾಳೆಯಲ್ಲಿ ಸಿಗಬಹುದು, ಸಾಮಾನ್ಯ ಜವಾನರು ಅನೇಕ ವೇಳೆ ಪಡೆಯ ಹೆಸರಿನಲ್ಲೇ ಕರಗಿರುತ್ತಾರೆ. ಕೊಡಗಿನವರು ಒಂದೇ ರೆಜಿಮೆಂಟಿಗೆ ಸೀಮಿತರಾಗಿರಲಿಲ್ಲವಾದ್ದರಿಂದ (ಕಾರ್ಯಪ್ಪನವರು ರಜಪೂತ್, ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನವರು) ಮೊದಲು ಪೆಟ್ಟಿಗೆಯಲ್ಲಿರುವ ಡಿಸ್ಚಾರ್ಜ್ ಪುಸ್ತಕವನ್ನು ತೆಗೆದು ರೆಜಿಮೆಂಟ್, ಬೆಟಾಲಿಯನ್ ಮತ್ತು ಸೇವೆಯ ಅವಧಿಯನ್ನು ಗುರುತಿಸಿಕೊಳ್ಳಬೇಕು. ಆ ಬೆಟಾಲಿಯನ್ ಯಾವ ತಿಂಗಳು ಯಾವ ಊರಿನಲ್ಲಿತ್ತು ಎಂಬುದು ಗೊತ್ತಾದ ಬಳಿಕ, ಅದೇ ದಿನಾಂಕದ, ಅದೇ ಊರಿನ ರೀಲುಗಳನ್ನಷ್ಟೇ ನೋಡಿದರೆ ಸಾಕು.